ಸಕ್ಕರೆ ಡಬ್ಬಿಯ ಪಕ್ಕದ ಚಿಕ್ಕ ಡಬ್ಬಿ

ಸಕ್ಕರೆ ಹಾಕದೆ ಪಾಯಸ ಮಾಡುವುದು ಹೇಗೆಂದು ಈಗೀಗ ನನ್ನನ್ನು ಕೇಳುವವರು ಹೆಚ್ಚಾಗಿದ್ದಾರೆ. ಮದುವೆ ಮನೆಯಲ್ಲಿ ಕೈ ತೊಳೆಯುವ ಕಡೆ ಕೇಳುತ್ತಾರೆ, ಆಸ್ಪತ್ರೆಯ ಬೆಂಚಿನಲ್ಲಿ ಕೇಳುತ್ತಾರೆ, ಕೆಲವೊಮ್ಮೆ ಗಲ್ಫಿನಿಂದ ಫೋನು ಮಾಡಿಯೂ ಕೇಳುತ್ತಾರೆ. ಹೆಚ್ಚಿನವರು ಸಕ್ಕರೆ ಕಾಯಿಲೆಯವರು. ನನ್ನಂತೆ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರು ಇಬ್ಬರೋ ಮೂವರೋ ಇದ್ದಾರೆ, ಅವರು ಮಾತ್ರ ದನಿ ತಗ್ಗಿಸಿ ಕೇಳುತ್ತಾರೆ. ತೂಕ ಇಳಿಸಲು ಆಪರೇಷನ್ ಮಾಡಿಸಿದೆ ಎಂದು ಹೇಳಿಕೊಳ್ಳುವುದು ನಮ್ಮಲ್ಲಿ ಇನ್ನೂ ನಾಚಿಕೆಯ ವಿಷಯವೇ ಆಗಿದೆ. ಪಿತ್ತಕೋಶದ ಕಲ್ಲು ತೆಗೆಸಿದೆ, ಹರ್ನಿಯಾ ಆಗಿತ್ತು ಎಂದು ಹೇಳಿ ಮಾತು ಮುಗಿಸುವವರಿದ್ದಾರೆ. ನಾನು ಮುಚ್ಚಿಡುವುದಿಲ್ಲ. ಆದ್ದರಿಂದ ಸಹೋದರಿಯರೇ, ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

2021ರ ಫೆಬ್ರವರಿಯಲ್ಲಿ ನನ್ನ ಆಪರೇಷನ್ ಆಯಿತು. ಆಗ ನನಗೆ 39 ವರ್ಷ, ತೂಕ 108 ಕಿಲೋ. ಎರಡನೇ ಹೆರಿಗೆಯ ನಂತರ ಬಂದ ಸಕ್ಕರೆ ಕಾಯಿಲೆಗೆ ಒಂಬತ್ತು ವರ್ಷ ತುಂಬಿತ್ತು. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಂಡರೂ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ ಅಂಕ 10ರಿಂದ ಕೆಳಗಿಳಿಯುತ್ತಿರಲಿಲ್ಲ. ನನ್ನ ತಂದೆಗೂ ಇದೇ ಕಾಯಿಲೆ ಇತ್ತು. ಮೊದಲು ಕಾಲಿನ ಬೆರಳು ಹೋಯಿತು, ಆಮೇಲೆ ಮೊಣಕಾಲಿನ ಕೆಳಗಿನ ಭಾಗ, ಕೊನೆಗೆ ಕಿಡ್ನಿ. ಅವರ ಕೊನೆಯ ರಮಝಾನಿನಲ್ಲಿ ಇಫ್ತಾರಿನ ಹೊತ್ತಿಗೆ ಅವರಿಗೆ ಒಂದು ತುಂಡು ಖರ್ಜೂರ ಕೊಡುವುದೋ ಬೇಡವೋ ಎಂದು ನಾವು ಮಕ್ಕಳು ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಾ ಜಗಳವಾಡಿದ್ದೆವು. ಅವರಿಗೆ ಅದು ಕೇಳಿಸಿತ್ತೆಂದು ಉಮ್ಮ ಎಷ್ಟೋ ದಿನಗಳ ನಂತರ ಹೇಳಿದರು. ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕುವಾಗ ನನ್ನ ಕಣ್ಣ ಮುಂದೆ ಇದ್ದದ್ದು ತಂದೆಯ ಆ ಮಂಚ. ಸೀರೆ ಚೆನ್ನಾಗಿ ಕಾಣಲೆಂದು ಮಾಡಿಸಿಕೊಂಡಳು ಎಂದು ಹಿಂದಿನಿಂದ ಆಡಿಕೊಂಡವರಿಗೆ ಇದು ಗೊತ್ತಿರಲಾರದು.

ಈ ಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಬಾಳೆಹಣ್ಣಿನಂಥ ಕೊಳವೆಯಾಗಿ ಬಿಡುತ್ತಾರೆ. ಇನ್ನೊಂದು ಗ್ಯಾಸ್ಟ್ರಿಕ್ ಬೈಪಾಸ್. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಎಡ್ವರ್ಡ್ ಮೇಸನ್ 1966ರಲ್ಲಿ ಇದನ್ನು ಆರಂಭಿಸಿದರು. ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಲೀಟರ್ ಹಿಡಿಯುವ ಒಂದು ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಹೊಲಿಯುತ್ತಾರೆ. 30 ಮಿಲಿ ಎಂದರೆ ಎರಡು ದೊಡ್ಡ ಚಮಚ. ನನಗೆ ಸಕ್ಕರೆ ಕಾಯಿಲೆ ಹಳೆಯದಾದ್ದರಿಂದ ಡಾಕ್ಟರು ಬೈಪಾಸನ್ನೇ ಆರಿಸಿದರು. ಹದಿನಾಲ್ಕು ತಿಂಗಳಲ್ಲಿ 37 ಕಿಲೋ ಇಳಿಯಿತು. ಇನ್ಸುಲಿನ್ ಮಾತ್ರ ಅದಕ್ಕೂ ಮೊದಲೇ, ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ವಾರದಲ್ಲೇ ನಿಂತಿತು. ಅಲ್ಲಾಹನಿಗೆ ಸ್ತುತಿ.

ಮೊದಲ ವಾರಗಳ ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ನಿಮ್ಮ ಡಾಕ್ಟರೂ ಆಹಾರ ತಜ್ಞರೂ ಬರೆದೇ ಕೊಡುತ್ತಾರೆ. ಮೊದಲು ತಿಳಿನೀರಿನಂಥದ್ದು, ಆಮೇಲೆ ಹಾಲು, ಸೂಪು, ಆಮೇಲೆ ಅರೆದದ್ದು, ಮೆತ್ತಗಿನದು, ಕೊನೆಗೆ ಮನೆಯ ಊಟ. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ತಟ್ಟೆಯಲ್ಲಿ ಮೊದಲು ಮೊಟ್ಟೆ, ಮೀನು, ಕೋಳಿ ಅಥವಾ ಬೇಳೆ. ಅದಾದ ಮೇಲೆ ತರಕಾರಿ. ಜಾಗ ಉಳಿದರೆ ಅನ್ನ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಹೊಟ್ಟೆಗೆ ಹೋಗಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ. ಲೆಕ್ಕ ಹಾಕಿ ನೋಡಿ, ಎರಡು ಚಮಚದ ಚೀಲದಲ್ಲಿ ಇದನ್ನು ತುಂಬಿಸುವುದು ಎಷ್ಟು ಕಷ್ಟವೆಂದು. ಕರಾವಳಿಯಲ್ಲಿ ಹುಟ್ಟಿದ್ದು ಇಲ್ಲಿ ನನಗೆ ವರವಾಯಿತು. ಒಣಗಿದ ಕೋಳಿಮಾಂಸ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತಿತ್ತು, ಬಂಗುಡೆ ಗಸಿಯ ಮೀನು ಮಾತ್ರ ಸಲೀಸಾಗಿ ಇಳಿಯುತ್ತಿತ್ತು.

ಈಗ ಸಿಹಿಯ ವಿಷಯಕ್ಕೆ ಬರುತ್ತೇನೆ.

ಆರೋಗ್ಯವಂತರು ಸಕ್ಕರೆ ತಿಂದಾಗ ಹೊಟ್ಟೆ ಅದನ್ನು ತಡೆದು ಹಿಡಿದು ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ. ಹೊಟ್ಟೆಯ ಬುಡದಲ್ಲಿ ಅದಕ್ಕೊಂದು ಬಾಗಿಲಿದೆ. ಬೈಪಾಸ್ ಆದವರಿಗೆ ಆ ಬಾಗಿಲು ದಾರಿಯಲ್ಲೇ ಸಿಗುವುದಿಲ್ಲ. ತಿಂದ ಸಕ್ಕರೆ ನೇರ ಕರುಳಿಗೆ ಬೀಳುತ್ತದೆ, ಅದು ಮೈಯ ನೀರನ್ನು ಕರುಳಿನೊಳಗೆ ಎಳೆದುಕೊಳ್ಳುತ್ತದೆ. ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೊಟ್ಟೆ ನುಲಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆವರು ಹರಿಯುತ್ತದೆ, ಭೇದಿಯಾಗುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆ ಕಳೆದ ಮೇಲೆ ಇನ್ನೊಂದು ಬಗೆಯ ತೊಂದರೆ ಬರುತ್ತದೆ. ರಕ್ತಕ್ಕೆ ಒಮ್ಮೆಲೇ ನುಗ್ಗಿದ ಸಕ್ಕರೆಗೆ ಉತ್ತರವಾಗಿ ದೇಹ ಇನ್ಸುಲಿನನ್ನು ಅತಿಯಾಗಿ ಸುರಿಸಿಬಿಡುತ್ತದೆ, ಆಗ ಸಕ್ಕರೆ ತೀರಾ ಕೆಳಗಿಳಿದು ಕೈ ನಡುಗುತ್ತದೆ, ಕಣ್ಣು ಕತ್ತಲಿಡುತ್ತದೆ. ಎಲ್ಲರಿಗೂ ಒಂದೇ ರೀತಿ ಆಗುವುದಿಲ್ಲ. ಏನೂ ಆಗದವರೂ ಇದ್ದಾರೆ, ಅವರ ಕಷ್ಟ ಬೇರೆ, ತಡೆಯುವವರಿಲ್ಲದೆ ಸಿಹಿ ತಿಂದು ತೂಕ ಮರಳಿ ಬರುತ್ತದೆ.

ಆಪರೇಷನ್ ಆದ ಆರನೇ ತಿಂಗಳಲ್ಲಿ ದೂರದ ಸಂಬಂಧಿಕರೊಬ್ಬರ ಮನೆಗೆ ಹೋಗಿದ್ದೆವು. ಒಂದು ಲೋಟ ಪಾನಕ ಬಂತು. ಸಕ್ಕರೆ ಇದೆಯೇ ಎಂದು ಕೇಳಿದೆ. "ಒಂದು ಕಾಳು ಸಕ್ಕರೆ ಹಾಕಿಲ್ಲ, ನಿನಗಾಗಿಯೇ ಮಾಡಿಸಿದ್ದು" ಎಂದರು. ಕಾಲು ಲೋಟ ಕುಡಿದೆ. ಹದಿನೈದು ನಿಮಿಷದಲ್ಲಿ ನಾನು ಅವರ ಒಳಗಿನ ಕೋಣೆಯ ಚಾಪೆಯ ಮೇಲೆ ಮಲಗಿದ್ದೆ, ಕುಪ್ಪಸ ಬೆವರಿನಿಂದ ಒದ್ದೆಯಾಗಿತ್ತು. ಯಾರೋ ಹಿರಿಯರು ಬಂದು ದೃಷ್ಟಿ ತಾಗಿದೆ ಎಂದರು. ಆಮೇಲೆ ತಿಳಿಯಿತು, ಅವರು ಹಾಕಿದ್ದು ಬೆಲ್ಲ ಮತ್ತು ಜೇನು. ಅವರು ಸುಳ್ಳು ಹೇಳಿರಲಿಲ್ಲ, ಪ್ರೀತಿಯಿಂದಲೇ ಮಾಡಿದ್ದರು. ಸಕ್ಕರೆ ಎಂದರೆ ಅಂಗಡಿಯ ಬಿಳಿ ಹರಳು ಮಾತ್ರ ಎಂಬುದು ನಮ್ಮ ಮನೆಮನೆಯ ನಂಬಿಕೆ. ಬೆಲ್ಲದಲ್ಲಿ ಬಹುಪಾಲು ಇರುವುದು ಅದೇ ಸಕ್ಕರೆ. ಜೇನಿನ ಐದರಲ್ಲಿ ನಾಲ್ಕು ಪಾಲು ಸಕ್ಕರೆ. ಖರ್ಜೂರದಲ್ಲಿ ಮೂರರಲ್ಲಿ ಎರಡು ಪಾಲು. ಜೇನಿನಲ್ಲಿ ಶಿಫಾ ಇದೆಯೆಂಬ ನಂಬಿಕೆ ನನಗೂ ಇದೆ. ಆದರೆ ಔಷಧಿಯನ್ನು ಲೋಟದಲ್ಲಿ ಕುಡಿಯುವುದಿಲ್ಲವಲ್ಲ.

ಅಂದಿನಿಂದ "ಸಕ್ಕರೆ ಇದೆಯೇ" ಎಂದು ಕೇಳುವುದನ್ನು ಬಿಟ್ಟು "ಸಿಹಿ ಬರಲು ಏನು ಹಾಕಿದ್ದೀರಿ" ಎಂದು ಕೇಳುತ್ತೇನೆ. ನಿಮ್ಮ ಮನೆಗೆ ಇಂಥ ನೆಂಟರು ಬಂದರೆ ದಯವಿಟ್ಟು ನೀವೂ ಹೀಗೆಯೇ ಹೇಳಿ. ಅಂಗಡಿಯ ಪೊಟ್ಟಣ ನೋಡುವಾಗಲೂ ಅಷ್ಟೇ. ಡೆಕ್ಸ್‌ಟ್ರೋಸ್, ಲಿಕ್ವಿಡ್ ಗ್ಲುಕೋಸ್, ಇನ್ವರ್ಟ್ ಸಿರಪ್, ಕಾರ್ನ್ ಸಿರಪ್ ಇವೆಲ್ಲ ಸಕ್ಕರೆಯ ಬಂಧುಗಳೇ. ಮಾಲ್ಟೋಡೆಕ್ಸ್‌ಟ್ರಿನ್ ಎಂಬುದು ನಾಲಗೆಗೆ ಸಿಹಿಯಲ್ಲ, ಹೊಟ್ಟೆಗೆ ಹೋದ ಮೇಲೆ ಗ್ಲುಕೋಸ್ ಆಗುತ್ತದೆ. ನಮ್ಮ ದೇಶದ ನಿಯಮದಂತೆ ಶುಗರ್ ಫ್ರೀ ಎಂದು ಬರೆಯಬೇಕಾದರೆ 100 ಗ್ರಾಮಿನಲ್ಲಿ ಸಕ್ಕರೆ ಅರ್ಧ ಗ್ರಾಮಿಗಿಂತ ಹೆಚ್ಚಿರಬಾರದು. ಆದರೆ ಆ ಬಿಸ್ಕತ್ತಿನಲ್ಲಿ ಮೈದಾ ಇದ್ದೇ ಇರುತ್ತದೆ, ಮೈದಾ ಕೊನೆಗೆ ಆಗುವುದು ಗ್ಲುಕೋಸೇ. ಶುಗರ್ ಫ್ರೀ ಚಾಕಲೇಟುಗಳಲ್ಲಿ ಹೆಚ್ಚಾಗಿ ಮಾಲ್ಟಿಟಾಲ್ ಇರುತ್ತದೆ. ಅದು ರಕ್ತದ ಸಕ್ಕರೆಯನ್ನು ಸ್ವಲ್ಪ ಏರಿಸುತ್ತದೆ, ಅದಕ್ಕಿಂತ ಹೆಚ್ಚಾಗಿ ಹೊಟ್ಟೆಯಲ್ಲಿ ಗಾಳಿ ತುಂಬಿಸಿ ಭೇದಿ ಮಾಡಿಸುತ್ತದೆ. ನನ್ನ ತಮ್ಮ ದುಬೈಯಿಂದ ಇಂಥ ಒಂದು ದೊಡ್ಡ ಪೆಟ್ಟಿಗೆ ತಂದಿದ್ದ. ಹಿಂದಿನ ಬದಿ ಓದಿ, ಅದನ್ನು ಅವನ ಮುಂದೆಯೇ ಅವನ ಮಾವನಿಗೆ ಕಳುಹಿಸಿದೆ. ಪಾಪ, ಅವನ ಮುಖ ಸಣ್ಣದಾಯಿತು.

ಹಾಗಾದರೆ ಏನು ಹಾಕುವುದು? ನನ್ನ ಅಡುಗೆಮನೆಯ ಸಕ್ಕರೆ ಡಬ್ಬಿಯ ಪಕ್ಕ ಒಂದು ಚಿಕ್ಕ ಡಬ್ಬಿ ಇದೆ. ಅದರಲ್ಲಿರುವುದು ಸುಕ್ರಲೋಸ್. ಇದು ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. 1976ರಲ್ಲಿ ಲಂಡನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಸಕ್ಕರೆಯಿಂದ ಬೇರೆ ರಾಸಾಯನಿಕ ತಯಾರಿಸುವ ಸಂಶೋಧನೆ ನಡೆಯುತ್ತಿತ್ತು. ಅಲ್ಲಿದ್ದ ಶಶಿಕಾಂತ ಫಡ್ನಿಸ್ ಎಂಬ ಭಾರತೀಯ ಯುವಕನಿಗೆ ಮೇಲಿನವರು ಅದನ್ನು 'ಟೆಸ್ಟ್' ಮಾಡು ಎಂದರೆ ಅವರಿಗೆ 'ಟೇಸ್ಟ್' ಎಂದು ಕೇಳಿಸಿ ನಾಲಗೆಗೆ ಹಚ್ಚಿ ನೋಡಿದರಂತೆ. ಹಾಗೆ ಹುಟ್ಟಿದ ಸಿಹಿ ಇದು. ಕುದಿಯುವ ಹಾಲಿಗೆ ಹಾಕಿದರೂ ಇದರ ಸಿಹಿ ಕೆಡುವುದಿಲ್ಲ. ಆದರೆ 120 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಇದರಿಂದ ಬೇಡದ ವಸ್ತುಗಳು ಉಂಟಾಗಬಹುದೆಂದು ಜರ್ಮನಿಯ ಸರಕಾರಿ ಸಂಸ್ಥೆಯೊಂದು 2019ರಲ್ಲಿ ಎಚ್ಚರಿಸಿದೆ. ಆದ್ದರಿಂದ ಹುರಿಯುವ, ಒಲೆಯೊಳಗಿಟ್ಟು ಬೇಯಿಸುವ ತಿಂಡಿಗೆ ನಾನು ಇದನ್ನು ಹಾಕುವುದಿಲ್ಲ. ಪಾಯಸ ಒಲೆಯಿಂದ ಇಳಿಸಿದ ಮೇಲೆ ಬೆರೆಸುತ್ತೇನೆ.

ಆಸ್ಪರ್ಟೇಮ್ ಇನ್ನೊಂದು. ಚಹಾದ ಗುಳಿಗೆಗಳಲ್ಲಿ ಇರುತ್ತದೆ. ಕುದಿಸಿದರೆ ಸಿಹಿ ಹೋಗುವುದರಿಂದ ಅಡುಗೆಗೆ ಆಗದು. 2023ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಕ್ಯಾನ್ಸರ್ ತರಬಹುದಾದ ಸಾಧ್ಯತೆಯ ಪಟ್ಟಿಗೆ ಸೇರಿಸಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದೇ ದಿನ ಇನ್ನೊಂದು ತಜ್ಞರ ಸಮಿತಿ, ದೇಹದ ತೂಕದ ಪ್ರತಿ ಕಿಲೋಗೆ 40 ಮಿಲಿ ಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸುವ ಅಗತ್ಯವಿಲ್ಲ ಎಂದಿತು. ಆ ಸುದ್ದಿ ಒಳಪುಟಕ್ಕೆ ಹೋಯಿತು. ಸ್ಟೀವಿಯಾ ಎಂಬುದು ಪರಾಗ್ವೆ ಕಡೆಯ ಒಂದು ಗಿಡದ ಎಲೆಯಿಂದ ಬರುತ್ತದೆ, ನಮ್ಮಲ್ಲಿ 2015ರಿಂದ ಇದಕ್ಕೆ ಅನುಮತಿ ಇದೆ. ನಾಲಗೆಯ ಕೊನೆಯಲ್ಲಿ ಒಂದು ಕಹಿ ಉಳಿಯುತ್ತದೆ. ಲಿಂಬೆ ಶರಬತ್ತಿನಲ್ಲಿ ಅದು ಗೊತ್ತಾಗುವುದಿಲ್ಲ, ಹಾಲಿನ ಪಾಯಸದಲ್ಲಿ ಬಚ್ಚಿಡಲಾಗದು. ಎರಿತ್ರಿಟಾಲ್ ನೋಡಲು ಸಕ್ಕರೆಯಂತೆಯೇ ಹರಳು, ಬಾಯಲ್ಲಿ ಪೆಪ್ಪರ್ಮೆಂಟಿನಂತೆ ತಣ್ಣಗಾಗುತ್ತದೆ. ರಕ್ತದಲ್ಲಿ ಇದು ಹೆಚ್ಚಿರುವವರಿಗೆ ಹೃದಯಾಘಾತ ಹೆಚ್ಚೆಂದು 2023ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತು. ಅದೇ ಕಾರಣವೆಂದು ಸಾಬೀತಾಗಿಲ್ಲ. ಆದರೂ ನಾನು ಅದನ್ನು ಮನೆಗೆ ತಂದಿಲ್ಲ, ಇಷ್ಟೊಂದು ಬಗೆ ಇರುವಾಗ ಅದೇ ಯಾಕೆ ಬೇಕು?

ಒಂದು ಮಾತು ನೆನಪಿರಲಿ. ಇವುಗಳಲ್ಲಿ ಸಿಹಿ ಮಾತ್ರ ಇದೆ, ಸಕ್ಕರೆಯ ಉಳಿದ ಗುಣಗಳು ಇಲ್ಲ. ಸಕ್ಕರೆ ತಿಂಡಿಗೆ ಗಾತ್ರ ಕೊಡುತ್ತದೆ, ತೇವ ಹಿಡಿದಿಡುತ್ತದೆ, ಕೆಂಪು ಬಣ್ಣ ಕೊಡುತ್ತದೆ, ಕೆಡದಂತೆ ಕಾಯುತ್ತದೆ. ಒಂದು ಲೋಟ ಸಕ್ಕರೆಯ ಬದಲು ಚಿಟಿಕೆ ಪುಡಿ ಹಾಕಿದರೆ ಕ್ಯಾರೆಟ್ ಹಲ್ವ ಹಲ್ವವಾಗದು, ಸಿಹಿ ಪಲ್ಯವಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಎರಡು ದಿನಕ್ಕೆ ಮುಗಿಸಬೇಕು. ಮೊಟ್ಟೆ ಮಾಲೆಯನ್ನಂತೂ ಮರೆತುಬಿಡಿ. ಹಳದಿಯ ಎಳೆ ಎಳೆಯಾಗಿ ನಿಲ್ಲುವುದೇ ಕುದಿಯುವ ಸಕ್ಕರೆ ಪಾಕದ ದಪ್ಪದಿಂದ. ಸುಕ್ರಲೋಸ್ ಹಾಕಿದ ನೀರಿನಲ್ಲಿ ಅದು ಮೊಟ್ಟೆ ಸಾರು ಆಗುತ್ತದಷ್ಟೆ. ಕೆಲವು ತಿಂಡಿಗಳಿಗೆ ಬದಲಿ ಹುಡುಕಬಾರದು. ಮದುವೆಯಲ್ಲಿ ಮೊಟ್ಟೆ ಮಾಲೆ ಕಂಡರೆ ನಾನು ಒಂದು ಎಳೆ ಬಾಯಿಗಿಟ್ಟು ತಟ್ಟೆ ಮುಂದೆ ಸರಿಸುತ್ತೇನೆ. ಒಂದು ಎಳೆಗೆ ನನಗೆ ಏನೂ ಆಗುವುದಿಲ್ಲ.

ಆಗುವಂಥದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ನಮ್ಮ ಹಳೆಯ ಚೈನಾ ಗ್ರಾಸ್. ಎಷ್ಟೋ ಮನೆಗಳಲ್ಲಿ ರಮಝಾನ್ ಬಂತೆಂದರೆ ಇದು ತಪ್ಪಿದ್ದಲ್ಲ. ಇದು ಕಡಲ ಪಾಚಿಯಿಂದ ಬರುವುದರಿಂದ ಹಲಾಲಿನ ಚಿಂತೆಯೂ ಇಲ್ಲ. 10 ಗ್ರಾಂ ಚೈನಾ ಗ್ರಾಸನ್ನು ತುಂಡು ಮಾಡಿ ಎರಡು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಪೂರ್ತಿ ಕರಗುವ ತನಕ ಕುದಿಸಿ. ಇನ್ನೊಂದು ಒಲೆಯಲ್ಲಿ ಒಂದು ಲೀಟರ್ ಕೆನೆ ತೆಗೆದ ಹಾಲು ಕುದಿಯುತ್ತಿರಲಿ. ಎರಡೂ ಬಿಸಿಯಿದ್ದಾಗಲೇ ಸೋಸಿ ಬೆರೆಸಬೇಕು, ಹಾಲು ತಣ್ಣಗಿದ್ದರೆ ಗಂಟು ಗಂಟಾಗುತ್ತದೆ. ಏಲಕ್ಕಿ, ನಾಲ್ಕು ಎಳೆ ಕೇಸರಿ, ಇಳಿಸಿದ ಮೇಲೆ ನಾಲಗೆಗೆ ತಕ್ಕಷ್ಟು ಸುಕ್ರಲೋಸ್. ನಮ್ಮ ಸೆಖೆಗೂ ಕರಗದೆ ಹೊರಗೇ ಗಟ್ಟಿಯಾಗುತ್ತದೆ. ನಾನು ಹಾಲಿನಲ್ಲಿ ಎರಡು ಚಮಚ ಸಿಹಿಯಿಲ್ಲದ ಪ್ರೋಟೀನ್ ಪುಡಿಯನ್ನು ಕದಡಿ, ಬಿಸಿ ಸ್ವಲ್ಪ ಆರಿದ ಮೇಲೆ ಸೇರಿಸುತ್ತೇನೆ. ಕಂದಮ್ಮಗಳಿಂದ ಮುದುಕರ ತನಕ ತಿನ್ನುತ್ತಾರೆ, ಯಾರಿಗೂ ಗುಟ್ಟು ಗೊತ್ತಾಗಿಲ್ಲ.

ಹೆಸರುಬೇಳೆ ಪಾಯಸವೂ ನನಗೆ ಒಗ್ಗಿದೆ. ಬೇಳೆಯನ್ನು ಪರಿಮಳ ಬರುವ ತನಕ ಚೆನ್ನಾಗಿ ಹುರಿಯುವುದು ಇಲ್ಲಿ ಮುಖ್ಯ, ಬೆಲ್ಲ ಕೊಡುತ್ತಿದ್ದ ಆಳದ ರುಚಿಯನ್ನು ಈ ಹುರಿದ ಪರಿಮಳ ಸ್ವಲ್ಪ ತುಂಬುತ್ತದೆ. ಮೆತ್ತಗೆ ಬೇಯಿಸಿ, ದಪ್ಪ ಕಾಯಿಹಾಲಿನ ಬದಲು ಎರಡನೇ ಹಾಲು ಹಾಕಿ, ಚಿಟಿಕೆ ಉಪ್ಪು, ಚಿಟಿಕೆ ಒಣಶುಂಠಿ. ಇಲ್ಲಿಯ ತನಕ ಪಾತ್ರೆ ಒಂದೇ. ನನ್ನ ನಾಲ್ಕು ಚಮಚವನ್ನು ಒಂದು ಚಿಕ್ಕ ಪಾತ್ರೆಗೆ ತೆಗೆದು ಸಿಹಿ ಬೆರೆಸಿಕೊಳ್ಳುತ್ತೇನೆ. ಆಮೇಲೆ ದೊಡ್ಡ ಪಾತ್ರೆಗೆ ಬೆಲ್ಲ, ದಪ್ಪ ಹಾಲು ಬೀಳುತ್ತದೆ. ಸಹೋದರಿಯರೇ, ಎಲ್ಲ ಅಡುಗೆಯಲ್ಲೂ ಇದೊಂದೇ ನನ್ನ ಉಪಾಯ. ಸಿಹಿಯನ್ನು ಕೊನೆಗೆ ಹಾಕುವುದು. ಮನೆಯಲ್ಲಿ ರೋಗಿಗೊಂದು ಅಡುಗೆ, ಉಳಿದವರಿಗೊಂದು ಅಡುಗೆ ಎಂದು ಮಾಡತೊಡಗಿದರೆ ಎರಡು ತಿಂಗಳಲ್ಲಿ ಮಾಡುವವಳಿಗೆ ಸಾಕಾಗುತ್ತದೆ. ನಮ್ಮ ಮನೆಗಳಲ್ಲಿ ಮಾಡುವವಳೂ ರೋಗಿಯೂ ಹೆಚ್ಚಾಗಿ ಒಬ್ಬಳೇ. ಆಗ ಅವಳು ಮೊದಲು ನಿಲ್ಲಿಸುವುದು ತನ್ನ ಅಡುಗೆಯನ್ನು.

ಹಾಲನ್ನು ಕುದಿಸಿ ಬತ್ತಿಸುವಾಗ ಜಾಗ್ರತೆ. ಹಾಲಿನಲ್ಲೇ ನೂರು ಮಿಲಿಗೆ ಸುಮಾರು 5 ಗ್ರಾಂ ಅದರದೇ ಸಕ್ಕರೆ ಇದೆ. ಒಂದು ಲೀಟರನ್ನು ಅರ್ಧಕ್ಕಿಳಿಸಿದರೆ ಆ 50 ಗ್ರಾಂ ಅರ್ಧ ಲೀಟರಿನಲ್ಲೇ ಉಳಿಯುತ್ತದೆ. ಈದ್‌ನ ಶೀರ್ ಖುರ್ಮಾಕ್ಕೆ ನಾನು ಹಾಲು ಬತ್ತಿಸುವುದಿಲ್ಲ. ನೆನೆಸಿ ಅರೆದ ಬಾದಾಮಿಯಿಂದ ದಪ್ಪ ಮಾಡುತ್ತೇನೆ. ಶಾವಿಗೆ ಒಂದು ಹಿಡಿಯಲ್ಲಿ ಕಾಲು ಭಾಗ, ಒಂದೇ ಒಂದು ಖರ್ಜೂರವನ್ನು ಎಳೆ ಎಳೆಯಾಗಿ ಹೆಚ್ಚಿ ಹಾಕುತ್ತೇನೆ. ಹೆಸರಿಗೆ ತಕ್ಕಂತೆ ಖುರ್ಮಾ ಇರಬೇಡವೇ?

ರಮಝಾನಿನ ವಿಷಯ ಕೇಳುವವರೂ ಬಹಳ. ಮೊದಲ ವರ್ಷ ಆಪರೇಷನ್ ಆಗಿ ಎರಡು ತಿಂಗಳಿಗೇ ರಮಝಾನ್ ಬಂತು. ಗುಟುಕು ಗುಟುಕಾಗಿ ದಿನವಿಡೀ ನೀರು ಕುಡಿಯಲೇಬೇಕಾದ ಸಮಯ ಅದು, ಇಲ್ಲದಿದ್ದರೆ ಕಿಡ್ನಿಗೆ ಪೆಟ್ಟು. ರೋಗಿಗೆ ನಮ್ಮ ಧರ್ಮ ಕೊಟ್ಟ ವಿನಾಯಿತಿ ಯಾರೂ ದಯೆಯಿಂದ ಕೊಟ್ಟದ್ದಲ್ಲ, ಕುರ್‌ಆನಿನಲ್ಲೇ ಇರುವುದು. ಆದರೂ ಸಹರಿಗೆ ಎಲ್ಲರ ಜೊತೆ ಎದ್ದು ಅಡುಗೆ ಮಾಡಿ, ಹಗಲಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ನೀರು ಕುಡಿಯುವಾಗ ಮನಸ್ಸಿಗೆ ಹೇಗೋ ಆಗುತ್ತಿತ್ತು. ಮರುವರ್ಷ ಡಾಕ್ಟರು ಒಪ್ಪಿದ ಮೇಲೆ ಒಂದು ದಿನ ಬಿಟ್ಟು ಒಂದು ದಿನ ಹಿಡಿದೆ, ಮೂರನೇ ವರ್ಷ ಪೂರ್ತಿ. ಬಾಕಿ ಉಳಿದವನ್ನು ಚಳಿಗಾಲದ ಸಣ್ಣ ಹಗಲುಗಳಲ್ಲಿ ತೀರಿಸುತ್ತಾ ಬಂದಿದ್ದೇನೆ. ನಿಮಗೆ ಎಷ್ಟು ಕಾಲ ಬೇಕೆಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು, ನನ್ನ ಲೆಕ್ಕ ನಿಮಗಲ್ಲ.

ಇಫ್ತಾರಿಗೆ ಚಿಕ್ಕ ಖರ್ಜೂರದಲ್ಲಿ ಅರ್ಧ, ಚೆನ್ನಾಗಿ ಅಗಿದು. ಎರಡು ಗುಟುಕು ನೀರು. ಮಗ್ರಿಬ್ ನಮಾಝಿನ ನಂತರ ಒಂದು ಮೊಟ್ಟೆ ಅಥವಾ ಕೋಳಿ ಸೂಪು. ನನ್ನ ಗಂಡನ ಮನೆಯವರು ಕಾಸರಗೋಡು ಕಡೆಯವರು, ಅಲ್ಲಿ ತರಿ ಕಂಜಿ ಇಲ್ಲದೆ ಇಫ್ತಾರ್ ಇಲ್ಲ. ರವೆ, ಹಾಲು, ಸಕ್ಕರೆ, ತುಪ್ಪದಲ್ಲಿ ಹುರಿದ ಚಿಕ್ಕ ಈರುಳ್ಳಿ. ನಾನು ಒಂದು ಚಮಚ ರವೆಯನ್ನು ತೆಳ್ಳಗೆ ಬೇಯಿಸಿ ಸಿಹಿಯೇ ಇಲ್ಲದೆ ಉಪ್ಪು ಹಾಕಿ ಕುಡಿಯುತ್ತೇನೆ. ಹುರಿದ ಈರುಳ್ಳಿಯ ಘಮ ಇದ್ದರೆ ಸಾಕು, ನಾಲಗೆ ಉಳಿದದ್ದನ್ನು ನೆನಪಿನಿಂದ ತುಂಬಿಕೊಳ್ಳುತ್ತದೆ. ಬಣ್ಣದ ಶರಬತ್ತಿನ ಬದಲು ಕಾಮಕಸ್ತೂರಿ ಬೀಜವನ್ನು ಪೂರ್ತಿ ಉಬ್ಬುವ ತನಕ ನೆನೆಸಿ, ಲಿಂಬೆ ಹಿಂಡಿ, ಸ್ಟೀವಿಯಾ ಎರಡು ಹನಿ. ರಾತ್ರಿ ಮಲಗುವ ತನಕ ಒಂದೂವರೆ ಲೀಟರ್ ನೀರು ಹೋಗಬೇಕು, ಅದಕ್ಕೆ ಬಾಟಲಿ ತುಂಬಿಸಿಟ್ಟು ತರಾವೀಹಿನ ನಡುವೆಯೂ ಗುಟುಕರಿಸುತ್ತೇನೆ.

ಹಲಾಲಿನ ಮಾತು ಬಂದದ್ದರಿಂದ ಇನ್ನೊಂದು. ಬೈಪಾಸ್ ಆದವರು ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು, ಬಿಟ್ಟರೆ ನರಕ್ಕೂ ಮೂಳೆಗೂ ಪೆಟ್ಟು. ನಾಲ್ಕನೇ ತಿಂಗಳಲ್ಲಿ ನನ್ನ ಕೂದಲು ಹಿಡಿ ಹಿಡಿಯಾಗಿ ಬಂದಿತ್ತು, ವರ್ಷದೊಳಗೆ ಮತ್ತೆ ಬೆಳೆಯಿತು. ಕ್ಯಾಪ್ಸೂಲಿನ ಹೊದಿಕೆ ಹೆಚ್ಚಾಗಿ ಪ್ರಾಣಿಗಳ ಜಿಲೆಟಿನ್ ಆಗಿರುತ್ತದೆ, ಅಂಗಡಿಯ ಕೆಲವು ಜೆಲ್ಲಿಗಳಲ್ಲೂ ಅದೇ. ಇದೇ ಸಂಶಯದಿಂದ ಮಾತ್ರೆಯನ್ನೇ ನಿಲ್ಲಿಸಿದ ಒಬ್ಬರನ್ನು ನಾನು ಬಲ್ಲೆ. ನಿಲ್ಲಿಸಬೇಡಿ, ಕೇಳಿ. ಅಗಿಯುವ ಮಾತ್ರೆ, ಹನಿ, ಚುಚ್ಚುಮದ್ದು, ಸಸ್ಯದ ಹೊದಿಕೆಯ ಕ್ಯಾಪ್ಸೂಲ್ ಎಲ್ಲವೂ ಸಿಗುತ್ತವೆ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ನನಗೆ ಈಗ ಹೆಚ್ಚು ನಿದ್ದೆಗೆಡಿಸುವುದು ನನ್ನ ಹೊಟ್ಟೆಯಲ್ಲ.

ನನ್ನ ಕಿರಿಯ ಮಗಳಿಗೆ 14 ವರ್ಷ. ಸ್ವಲ್ಪ ದಪ್ಪ. ನೆಂಟರು ಬಂದಾಗ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿ "ಮಾಶಾ ಅಲ್ಲಾಹ್, ಎಷ್ಟು ಸಪೂರ ಆಗಿದ್ದೀ" ಎನ್ನುತ್ತಾರೆ. ಆಮೇಲೆ ಕಣ್ಣು ಅವಳ ಮೇಲೆ ಹೋಗುತ್ತದೆ. "ನೀನೂ ಈಗಲೇ ನೋಡಿಕೋ ಮಗಳೇ" ಎನ್ನುತ್ತಾರೆ. ಕಳೆದ ವರ್ಷ ಚಿಕ್ಕ ಡಬ್ಬಿ ಬೇಗ ಬೇಗ ಖಾಲಿಯಾಗತೊಡಗಿತು. ಅವಳು ತನ್ನ ಹಾಲಿಗೆ ಅದನ್ನೇ ಹಾಕಿಕೊಳ್ಳುತ್ತಿದ್ದಳು, ಮಧ್ಯಾಹ್ನದ ಬುತ್ತಿಯನ್ನು ಗೆಳತಿಗೆ ಕೊಡುತ್ತಿದ್ದಳು. ಒಂದು ರಾತ್ರಿ ಪಾತ್ರೆ ತೊಳೆಯುವಾಗ ಕೇಳಿದಳು, "ಉಮ್ಮಾ, ದೊಡ್ಡವಳಾದ ಮೇಲೆ ನನಗೂ ಹೊಟ್ಟೆ ಕತ್ತರಿಸುತ್ತಾರಾ?"

ಸಕ್ಕರೆ ಕಾಯಿಲೆ ಇಲ್ಲದವರು ತೂಕ ಇಳಿಸಲೆಂದು ಇಂಥ ಕೃತಕ ಸಿಹಿಯನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇಯಲ್ಲಿ ಸಲಹೆ ಕೊಟ್ಟಿದೆ, ಮಕ್ಕಳಿಗೂ ಅದೇ ಸಲಹೆ. ದೀರ್ಘಕಾಲದಲ್ಲಿ ಅದರಿಂದ ತೂಕ ಇಳಿಯುವುದಿಲ್ಲ ಎಂಬುದೇ ಕಾರಣ. ಆದರೆ ಹದಿನಾಲ್ಕರ ಹುಡುಗಿಗೆ ವರದಿ ಓದಿ ಹೇಳಿದರೆ ಏನಾದೀತು? ನಾನು ಅವಳಿಗೆ ನನ್ನ ಹಳೆಯ ಇನ್ಸುಲಿನ್ ಪುಸ್ತಕ ತೋರಿಸಿದೆ, ಅಜ್ಜನ ಕಾಲಿನ ಕಥೆ ಹೇಳಿದೆ. ನನ್ನದು ಅಂದಕ್ಕಾಗಿ ಮಾಡಿದ್ದಲ್ಲ, ಕಾಯಿಲೆಗೆ ಎಂದೆ. ನಿನಗೆ ಕಾಯಿಲೆ ಇಲ್ಲ ಎಂದೆ. ಅವಳು ನಂಬಿದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಚಿಕ್ಕ ಡಬ್ಬಿ ಈಗ ಮೇಲಿನ ಅಟ್ಟದಲ್ಲಿ ನನ್ನ ಔಷಧಿಗಳ ಜೊತೆ ಇರುತ್ತದೆ. ಮಕ್ಕಳ ಹಾಲಿಗೆ ಸಕ್ಕರೆಯೇ, ಎರಡು ಚಮಚ ಇದ್ದದ್ದು ಒಂದಾಯಿತು, ಈಗ ಅರ್ಧ. ತಂಪು ಪಾನೀಯದ ಬಾಟಲಿ ಮನೆಗೆ ಬರುವುದು ನಿಂತಿದೆ. ನೆಂಟರು ಬಂದು ಅವಳ ಮೈಯ ಮಾತು ತೆಗೆದರೆ ನಾನು ಚಹಾ ಮಾಡಲು ಏಳುವುದಿಲ್ಲ, ಅಲ್ಲೇ ಕುಳಿತು "ಅವಳ ವಿಷಯ ಬಿಡಿ, ನಿಮ್ಮ ಮಂಡಿನೋವು ಹೇಗಿದೆ" ಎನ್ನುತ್ತೇನೆ. ಒಬ್ಬಿಬ್ಬರು ಮುನಿಸಿಕೊಂಡಿದ್ದಾರೆ. ಮುನಿಸಿಕೊಳ್ಳಲಿ.

ನನಗೂ ಮೂರನೇ ವರ್ಷದಿಂದ ಈಚೆಗೆ ಆರು ಕಿಲೋ ಮರಳಿ ಬಂದಿದೆ. ಸ್ವಲ್ಪ ಮರಳುವುದು ಸಹಜ ಎನ್ನುತ್ತಾರೆ ಡಾಕ್ಟರು, ಸಕ್ಕರೆ ಕಾಯಿಲೆಯೂ ಮರಳಬಹುದು ಎಂದು ಮೊದಲೇ ಹೇಳಿದ್ದಾರೆ. ಮುಂದಿನ ವಾರ ವರ್ಷದ ರಕ್ತಪರೀಕ್ಷೆ ಇದೆ. ಬಿ12, ಕಬ್ಬಿಣ, ವಿಟಮಿನ್ ಡಿ ಮತ್ತು ಆ ಮೂರು ತಿಂಗಳ ಸಕ್ಕರೆ. ಶಾಲೆಗೆ ರಜೆ ಇರುವುದರಿಂದ ಮಗಳು ತಾನೂ ಜೊತೆಗೆ ಬರುತ್ತೇನೆ ಎಂದಿದ್ದಾಳೆ. ಬುತ್ತಿಗೆ ಮೊಟ್ಟೆ ಬೇಯಿಸಿ ತರುವುದು ಅವಳ ಕೆಲಸವಂತೆ, ನನಗೆ ಎರಡು, ಅವಳಿಗೆ ಎರಡು.